ಸೋರಿಯಾಸಿಸ್ ಚಿಕಿತ್ಸೆ: ಮುಲಾಮೋ, ಬೆಳಕೋ, ಮಾತ್ರೆಯೋ, ಚುಚ್ಚುಮದ್ದೋ?

ಚರ್ಮದ ಮೇಲೆ ಹೊಟ್ಟಿನ ಮಚ್ಚೆ ಎಬ್ಬಿಸುವ, ಕೆಲವರಲ್ಲಿ ಕೀಲಿಗೂ ಇಳಿಯುವ ಸೋರಿಯಾಸಿಸ್‌ಗೆ ಇವತ್ತು ಚಿಕಿತ್ಸೆಗಳ ಕೊರತೆಯಿಲ್ಲ. ಹಚ್ಚುವ ಮುಲಾಮು, ಅತಿನೇರಳೆ ಬೆಳಕು, ನುಂಗುವ ಮಾತ್ರೆ, ಬಯಾಲಜಿಕ್ ಎಂದು ಕರೆಯುವ ಚುಚ್ಚುಮದ್ದು ಹೀಗೆ ನಾಲ್ಕು ಗುಂಪುಗಳಿವೆ. ಇವನ್ನು ಮೆಟ್ಟಿಲುಗಳ ಹಾಗೆ ನೋಡುವುದು ರೂಢಿ: ಮುಲಾಮು ಕೈಕೊಟ್ಟರೆ ಬೆಳಕು, ಅದೂ ಆಗದಿದ್ದರೆ ಮಾತ್ರೆ, ಕೊನೆಗೆ ಚುಚ್ಚುಮದ್ದು. ಈ ಲೆಕ್ಕ ಎಷ್ಟೋ ಸಲ ತಪ್ಪು ದಾರಿಗೆ ಎಳೆಯುತ್ತದೆ. ಬೆಳಿಗ್ಗೆ ಎದ್ದಾಗ ಹಿಮ್ಮಡಿ ಊರಲಾಗದಷ್ಟು ನೋವಿರುವವರಿಗೆ ವರ್ಷಗಟ್ಟಲೆ ಮುಲಾಮು ಬರೆದುಕೊಟ್ಟರೆ ಕೀಲು ಹಾಳಾಗುತ್ತದೆ. ಮೊಣಕೈ ಮೇಲೆ ಎರಡೇ ಮಚ್ಚೆ ಇರುವವರಿಗೆ ಮಾತ್ರೆ ಶುರುಮಾಡಿದರೆ ಬೇಡದ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ಯಾವ ಔಷಧ ಹೆಚ್ಚು ಜೋರು ಎಂಬುದಕ್ಕಿಂತ ಕಾಯಿಲೆ ಎಲ್ಲಿದೆ, ಎಷ್ಟಿದೆ, ಕೀಲಿಗೆ ಇಳಿದಿದೆಯೇ, ರೋಗಿಯ ಉಳಿದ ಆರೋಗ್ಯ ಮತ್ತು ಮುಂದಿನ ಯೋಜನೆಗಳೇನು ಎಂಬುದೇ ಆಯ್ಕೆಯನ್ನು ನಿರ್ಧರಿಸಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ‘ಈ ಔಷಧ ನನಗೆ ಹಿಡಿಯಲಿಲ್ಲ’ ಎಂದು ಬಿಟ್ಟವರನ್ನು ವಿಚಾರಿಸಿದರೆ, ಹಲವರು ಹಚ್ಚಬೇಕಾದ ಅರ್ಧದಷ್ಟನ್ನೂ ಹಚ್ಚಿರುವುದಿಲ್ಲ, ಇಲ್ಲವೇ ಫಲ ಕಾಣುವ ಹೊತ್ತಿಗೆ ಮೊದಲೇ ನಿಲ್ಲಿಸಿರುತ್ತಾರೆ. ಹಾಗಾಗಿ ಪ್ರತಿ ಆಯ್ಕೆಯ ಜೊತೆಗೆ ಅಳತೆ ಮತ್ತು ಅವಧಿಯನ್ನೂ ಕೊಟ್ಟಿದ್ದೇವೆ. ಇವು ವೈದ್ಯರ ಜೊತೆ ಕೂತು ಮಾತಾಡಲು ಬೇಕಾದ ತಿಳಿವಳಿಕೆ. ಮಾತ್ರೆ, ಚುಚ್ಚುಮದ್ದುಗಳನ್ನು ಸ್ವಂತ ತೀರ್ಮಾನದಿಂದ ಶುರುಮಾಡಬಾರದು.

ಮೊದಲು, ಇದು ಸೋರಿಯಾಸಿಸ್ ಹೌದೇ?

ಆರೋಗ್ಯವಂತ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಕಡೆ ಅದೇ ಕೆಲಸ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಪೂರ್ತಿ ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿ ಬಣ್ಣದ ಹೊಟ್ಟಾಗುತ್ತವೆ. ಈ ಅವಸರಕ್ಕೆ ಕಾರಣ ದೇಹದ ರಕ್ಷಣಾ ವ್ಯವಸ್ಥೆಯೇ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಎಂಬ ಸಂಕೇತದ ಅಣುಗಳು ಉರಿಯೂತವನ್ನು ಆರಲು ಬಿಡುವುದಿಲ್ಲ. ಇದು ಸೋಂಕಲ್ಲ, ಮುಟ್ಟಿದರೆ ಹರಡುವುದಿಲ್ಲ. ತಟ್ಟೆ, ಬಟ್ಟೆ, ಹಾಸಿಗೆ ಹಂಚಿಕೊಂಡರೂ ಬರುವುದಿಲ್ಲ. ಇದನ್ನು ಮನೆಯವರೂ ತಿಳಿದಿರಬೇಕು. ದೂರ ಇಡುವವರಿಂದಾಗುವ ನೋವು ತುರಿಕೆಗಿಂತ ದೊಡ್ಡದು.

ಗೊಂದಲವಾಗುವುದು ಹೆಚ್ಚಾಗಿ ಹುಳುಕಡ್ಡಿಯ ಜೊತೆ. ಹುಳುಕಡ್ಡಿಯ ಅಂಚು ಉಬ್ಬಿ ನಡುಭಾಗ ತಿಳಿಯಾಗಿರುತ್ತದೆ. ಸೋರಿಯಾಸಿಸ್ ಮಚ್ಚೆ ಅಂಚಿನಿಂದ ನಡುವಿನವರೆಗೂ ಒಂದೇ ದಪ್ಪ, ಗೆರೆ ಎಳೆದಂತೆ ಸ್ಪಷ್ಟ, ಮತ್ತು ಸಾಮಾನ್ಯವಾಗಿ ಎಡ-ಬಲ ಎರಡೂ ಕಡೆ: ಎರಡು ಮೊಣಕೈ, ಎರಡು ಮೊಣಕಾಲು, ಸೊಂಟದ ಕೆಳಗೆ, ನೆತ್ತಿ. ಅನುಮಾನವಿದ್ದರೆ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕುವ ಸರಳ ಪರೀಕ್ಷೆಯಿದೆ. ಅದನ್ನು ಮಾಡಿಸದೆ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ಹುಳುಕಡ್ಡಿ ಕೆಂಪು ಇಳಿದು ಗುಣವಾದಂತೆ ನಟಿಸಿ, ಒಳಗೊಳಗೇ ಹರಡಿ, ಗುರುತೇ ಸಿಗದ ರೂಪ ತಾಳುತ್ತದೆ. ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಕ್ರೀಮುಗಳಿಂದ ಎರಡೂ ಕಾಯಿಲೆಗಳು ಹದಗೆಡುತ್ತವೆ, ಅವುಗಳಿಂದ ದೂರವಿರಿ.

ತಲೆಹೊಟ್ಟು ಜಿಡ್ಡಾಗಿ ಹಳದಿಯಾಗಿರುತ್ತದೆ. ಸೋರಿಯಾಸಿಸ್ ಹೊಟ್ಟು ಒಣಗಿ ದಪ್ಪವಾಗಿ, ಕೂದಲಿನ ಗಡಿ ದಾಟಿ ಹಣೆಗೂ ಕಿವಿಯ ಹಿಂದಕ್ಕೂ ಬರುತ್ತದೆ. ಕಪ್ಪು, ಕಂದು ಚರ್ಮದಲ್ಲಿ ಮಚ್ಚೆ ಕೆಂಪಾಗಿ ಕಾಣದೆ ನೇರಳೆ, ಗಾಢ ಕಂದು ಅಥವಾ ಬೂದು ಛಾಯೆಯಲ್ಲಿರುತ್ತದೆ. ‘ಕೆಂಪಿಲ್ಲ, ಹಾಗಾಗಿ ಸೋರಿಯಾಸಿಸ್ ಅಲ್ಲ’ ಎಂಬ ತೀರ್ಮಾನ ಸಲ್ಲದು. ಉಗುರನ್ನೂ ನೋಡಿ. ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು, ಎಣ್ಣೆಯ ಹನಿ ಬಿದ್ದಂಥ ಹಳದಿ-ಕಂದು ಕಲೆ, ತುದಿಯಿಂದ ಉಗುರು ಎದ್ದು ಬರುವುದು ಇವೆಲ್ಲ ದೊಡ್ಡ ಸುಳಿವುಗಳು.

ಗಂಟಲುನೋವು ಬಂದು ಎರಡು-ಮೂರು ವಾರಕ್ಕೆ ಮಕ್ಕಳು, ಹದಿಹರೆಯದವರ ಮೈತುಂಬ ಮಳೆಹನಿ ಚಿಮುಕಿಸಿದಂತೆ ಸಣ್ಣ ಚುಕ್ಕೆಗಳೇಳುವ ಬಗೆಯೊಂದಿದೆ. ಸ್ಟ್ರೆಪ್ಟೋಕಾಕಸ್ ಸೋಂಕು ಇದಕ್ಕೆ ಹಿನ್ನೆಲೆ. ಹಲವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೆ ಬೆಳಕಿನ ಚಿಕಿತ್ಸೆ ಬಹಳ ಚೆನ್ನಾಗಿ ಒಪ್ಪುತ್ತದೆ, ಜೋರಿನ ಮಾತ್ರೆಗಳ ಅಗತ್ಯ ಕಡಿಮೆ.

ಅಂಗೈಯಲ್ಲಿ ಅಳೆಯುವುದು

ರೋಗಿಯ ಸ್ವಂತ ಅಂಗೈ, ಬೆರಳುಗಳೂ ಸೇರಿ, ಮೈ ಚರ್ಮದ ಸುಮಾರು ಶೇ. 1 ಭಾಗ. ಮಚ್ಚೆಗಳೆಲ್ಲ ಸೇರಿದರೆ ಎಷ್ಟು ಅಂಗೈ ಆಗುತ್ತದೆ ಎಂದು ಎಣಿಸಿ. ಮೂರಕ್ಕಿಂತ ಕಡಿಮೆಯಾದರೆ ಸೌಮ್ಯ, ಮೂರರಿಂದ ಹತ್ತು ಮಧ್ಯಮ, ಹತ್ತು ದಾಟಿದರೆ ತೀವ್ರ. ಆದರೆ ಈ ಲೆಕ್ಕವೊಂದನ್ನೇ ನಂಬಬಾರದು. ಎರಡೂ ಅಂಗಾಲುಗಳು ಬಿರುಕುಬಿಟ್ಟರೆ ವಿಸ್ತೀರ್ಣ ಸಣ್ಣದೇ, ಆದರೆ ನಡೆಯಲಾಗುವುದಿಲ್ಲ. ಮುಖ, ನೆತ್ತಿ, ಅಂಗೈ, ಅಂಗಾಲು, ಗುಪ್ತಾಂಗ, ಉಗುರು ಇವುಗಳಲ್ಲಿ ಕಾಯಿಲೆ ಗಟ್ಟಿಯಾಗಿ ಕೂತು ಮುಲಾಮಿಗೆ ಬಗ್ಗದಿದ್ದರೆ, ಒಂದೇ ಅಂಗೈಯಷ್ಟಿದ್ದರೂ ಬೆಳಕು ಅಥವಾ ಮಾತ್ರೆಯ ಮಾತು ತೆಗೆಯುವುದು ಸರಿ. ಇದನ್ನು ನೀವಾಗಿಯೇ ವೈದ್ಯರಿಗೆ ಹೇಳಬೇಕು. ಗುಪ್ತಾಂಗದ ತೊಂದರೆಯನ್ನು ಕೇಳದೆ ಹೇಳುವವರು ಕಡಿಮೆ, ಕೇಳುವ ವೈದ್ಯರೂ ಕಡಿಮೆ.

ಕೀಲಿನ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೀಲುಗಳು ಬಿಗಿದುಕೊಂಡಿರುವುದು, ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿಕೊಳ್ಳುವುದು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ನೋಯುವುದು, ವಿಶ್ರಾಂತಿಯಲ್ಲಿ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವ ಸೊಂಟನೋವು, ಇವುಗಳಲ್ಲಿ ಒಂದಿದ್ದರೂ ಸೋರಿಯಾಸಿಸ್ ಸಂಧಿವಾತದ ಪರೀಕ್ಷೆ ಆಗಬೇಕು. ಉಗುರು, ನೆತ್ತಿಯಲ್ಲಿ ಕಾಯಿಲೆ ಇರುವವರಲ್ಲಿ ಇದರ ಸಂಭವ ಹೆಚ್ಚು. ಕೀಲಿಗೆ ಮುಲಾಮೂ ತಲುಪುವುದಿಲ್ಲ, ಬೆಳಕೂ ತಲುಪುವುದಿಲ್ಲ. ಸವೆದ ಮೂಳೆ ಮರಳಿ ಬರುವುದಿಲ್ಲ.

ಹಚ್ಚುವ ಔಷಧಗಳು

ಸೌಮ್ಯ ಕಾಯಿಲೆಗೆ ಇವೇ ಸಾಕು, ಸರಿಯಾಗಿ ಹಚ್ಚಿದರೆ. ಅಳತೆಗೆ ಸುಲಭದ ವಿಧಾನ: ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಉದ್ದ. ಇದು ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಾಲ್ಕು ಅಂಗೈಯಷ್ಟು ಮಚ್ಚೆ ಇದ್ದು ದಿನಕ್ಕೆ ಎರಡು ಸಲ ಹಚ್ಚುವುದಾದರೆ ದಿನಕ್ಕೆ 2 ಗ್ರಾಂ, ಎರಡು ವಾರಕ್ಕೆ 28 ಗ್ರಾಂ ಬೇಕು. ಇಷ್ಟು ಜಾಗಕ್ಕೆ 15 ಗ್ರಾಮಿನ ಒಂದು ಟ್ಯೂಬನ್ನು ತಿಂಗಳು ಬಳಸಿದವರಿಗೆ ಔಷಧ ಫಲಿಸದಿದ್ದರೆ ಅದು ಔಷಧದ ತಪ್ಪಲ್ಲ.

ತೇವ ಕಾಯುವ ಮುಲಾಮನ್ನು ಚಿಕಿತ್ಸೆಯಲ್ಲವೆಂದು ಕಡೆಗಣಿಸುವವರು ಬಹಳ. ಬಿಳಿ ಪೆಟ್ರೋಲಿಯಂ ಜೆಲ್ಲಿಯಂಥದ್ದನ್ನು ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ಹಚ್ಚಿದರೆ ಹೊಟ್ಟು ಸಡಿಲವಾಗಿ, ಬಿರುಕು ಕೂಡಿ, ತುರಿಕೆ ಇಳಿಯುತ್ತದೆ. ಆಮೇಲೆ ಹಚ್ಚುವ ಔಷಧವೂ ಒಳಗಿಳಿಯುತ್ತದೆ. ಎರಡರ ನಡುವೆ ಅರ್ಧ ಗಂಟೆ ಬಿಡಿ. ಒಂದು ಎಚ್ಚರಿಕೆ: ಪ್ಯಾರಾಫಿನ್ ಹೀರಿಕೊಂಡ ಬಟ್ಟೆ, ಹೊದಿಕೆಗಳಿಗೆ ಬೆಂಕಿ ಬೇಗ ಹತ್ತುತ್ತದೆ. ಒಲೆ, ದೀಪ, ಸಿಗರೇಟಿನ ಹತ್ತಿರ ಜೋಪಾನ.

ಹೊಟ್ಟು ದಪ್ಪವಾಗಿದ್ದರೆ ಶೇ. 3ರಿಂದ 6ರ ಸ್ಯಾಲಿಸಿಲಿಕ್ ಆಮ್ಲ ಅದನ್ನು ಕಳಚುತ್ತದೆ. ಇದನ್ನು ಮೈತುಂಬ ಹಚ್ಚಬಾರದು, ಚಿಕ್ಕ ಮಕ್ಕಳಿಗಂತೂ ಬೇಡ. ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗಬಹುದು.

ಸ್ಟೆರಾಯ್ಡ್ ಮತ್ತು ವಿಟಮಿನ್ ಡಿ ಬಗೆಯ ಮುಲಾಮುಗಳು ಈ ಗುಂಪಿನ ಎರಡು ಕಂಬಗಳು. ಒಂದು ವೇಗಿ, ಇನ್ನೊಂದು ನಿಧಾನಿ. ಶೇ. 0.05ರ ಕ್ಲೋಬೆಟಾಸೋಲ್ ಎರಡು ವಾರದಲ್ಲಿ ದಪ್ಪ ಮಚ್ಚೆಯನ್ನೂ ತೆಳುವಾಗಿಸುತ್ತದೆ. ಆದರೆ ವಾರಕ್ಕೆ 50 ಗ್ರಾಂ ಮೀರಬಾರದು. ಎರಡು ವಾರ ಎಡೆಬಿಡದೆ ಹಚ್ಚಿದ ಮೇಲೆ ವೈದ್ಯರನ್ನು ಕಂಡು ಮುಂದುವರಿಸಬೇಕು. ಮೀರಿದರೆ ಚರ್ಮ ಕಾಗದದಂತಾಗಿ ರಕ್ತನಾಳ ಕಾಣಿಸುತ್ತದೆ, ಮೈಸಂದುಗಳಲ್ಲಿ ಅಳಿಸಲಾಗದ ಗೀರುಗಳು ಬೀಳುತ್ತವೆ, ಮತ್ತು ದಿಢೀರನೆ ನಿಲ್ಲಿಸಿದಾಗ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಮಚ್ಚೆ ಚಪ್ಪಟೆಯಾದ ಮೇಲೆ ವಾರದಲ್ಲಿ ಎರಡು ದಿನ ಮಾತ್ರ ಹಚ್ಚುವ ಕ್ರಮಕ್ಕೆ ಇಳಿಯುವುದು ಒಳ್ಳೆಯದು. ಚಪ್ಪಟೆಯಾಯಿತೋ ಇಲ್ಲವೋ ಎಂಬುದನ್ನು ಬೆರಳಾಡಿಸಿ ತಿಳಿಯಬೇಕು, ಬಣ್ಣ ನೋಡಿ ಅಲ್ಲ. ಕಾಯಿಲೆ ಇಳಿದ ಜಾಗದಲ್ಲಿ ಕಪ್ಪು ಅಥವಾ ಬಿಳಿ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಸೋರಿಯಾಸಿಸ್ ಎಂದುಕೊಂಡು ಸ್ಟೆರಾಯ್ಡ್ ಹಚ್ಚುತ್ತಲೇ ಹೋದರೆ ಚರ್ಮ ಸವೆಯುತ್ತದೆಯೇ ಹೊರತು ಗುರುತು ಹೋಗುವುದಿಲ್ಲ.

ಕ್ಯಾಲ್ಸಿಪೋಟ್ರಿಯೋಲ್ ಎಂಬ ವಿಟಮಿನ್ ಡಿ ಬಗೆಯದು ಚರ್ಮವನ್ನು ತೆಳುವಾಗಿಸುವುದಿಲ್ಲ, ಆದ್ದರಿಂದ ದೀರ್ಘಕಾಲಕ್ಕೆ ಒಪ್ಪುತ್ತದೆ. ಪೂರ್ತಿ ಫಲಕ್ಕೆ ಆರರಿಂದ ಎಂಟು ವಾರ ಬೇಕು. ಮೊದಮೊದಲು ಉರಿಯಬಹುದು. ಮುಖಕ್ಕೆ ಬೇಡ, ಹಚ್ಚಿದ ಕೈ ತೊಳೆಯಿರಿ. ದೊಡ್ಡವರು ವಾರಕ್ಕೆ 100 ಗ್ರಾಂ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಸ್ಯಾಲಿಸಿಲಿಕ್ ಆಮ್ಲದ ಜೊತೆ ಸೇರಿದರೆ ಇದರ ಶಕ್ತಿಯೇ ಹೋಗುತ್ತದೆ. ಎರಡನ್ನೂ ಒಂದೇ ಜಾಗಕ್ಕೆ ಹಚ್ಚಿ ಫಲವಿಲ್ಲವೆನ್ನುವವರು ಇದನ್ನು ಗಮನಿಸಬೇಕು. ಎರಡರಲ್ಲಿ ಒಂದನ್ನೇ ಆರಿಸಬೇಕೇ ಎಂದರೆ, ಬೇಡ. ಕ್ಯಾಲ್ಸಿಪೋಟ್ರಿಯೋಲ್ ಮತ್ತು ಬೀಟಾಮೆಥಾಸೋನ್ ಕೂಡಿಸಿದ ಮುಲಾಮು ದಿನಕ್ಕೊಮ್ಮೆ, ನಾಲ್ಕು ವಾರ. ಮೈ-ಕೈಕಾಲಿನ ಮಚ್ಚೆಗೆ ಹಚ್ಚುವ ಔಷಧಗಳಲ್ಲಿ ನಮ್ಮ ಮೊದಲ ಆಯ್ಕೆ ಇದೇ. ದಿನಕ್ಕೆ ಒಂದೇ ಸಲ ಎಂಬುದರಿಂದ ಬಿಡದೆ ಹಚ್ಚುವವರೂ ಹೆಚ್ಚು.

ಮುಖ, ಕಂಕುಳು, ತೊಡೆಸಂದು, ಗುಪ್ತಾಂಗಕ್ಕೆ ಲೆಕ್ಕವೇ ಬೇರೆ. ಅಲ್ಲಿನ ಚರ್ಮ ತೆಳು, ಔಷಧವನ್ನು ಬೇಗ ಹೀರುತ್ತದೆ. ಶೇ. 1ರ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯ ಸ್ಟೆರಾಯ್ಡನ್ನು ಕೆಲವು ದಿನ ಹಚ್ಚಿ, ನಂತರ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಅಥವಾ ಪಿಮೆಕ್ರೋಲಿಮಸ್ ಮುಲಾಮಿಗೆ ಬದಲಾಗುವುದು ಕ್ಷೇಮ. ಟ್ಯಾಕ್ರೋಲಿಮಸ್ ಮೊದಲ ವಾರ ಮೆಣಸು ಸವರಿದಂತೆ ಉರಿಯುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ದಿನವೇ ಟ್ಯೂಬು ಮೂಲೆ ಸೇರುತ್ತದೆ. 2022ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಒಪ್ಪಿದ ರೋಫ್ಲುಮಿಲಾಸ್ಟ್ ಮತ್ತು ಟ್ಯಾಪಿನಾರೋಫ್ ಕ್ರೀಮುಗಳೂ ಸ್ಟೆರಾಯ್ಡ್ ಅಲ್ಲ. ಸಿಗುವ ಕಡೆ ಮೈಸಂದುಗಳಿಗೆ ಒಳ್ಳೆಯ ಆಯ್ಕೆ.

ಕಲ್ಲಿದ್ದಲ ಟಾರು ಹಳೆಯದು, ವಾಸನೆಯದು, ಬಟ್ಟೆಗೆ ಕಲೆ ಮಾಡುವಂಥದ್ದು. ಆದರೂ ನೆತ್ತಿಗೆ ಇವತ್ತಿಗೂ ಉಪಯುಕ್ತ. ಡಿತ್ರಾನಾಲ್ ಕೆಲವೇ ದಪ್ಪ ಮಚ್ಚೆಗಳಿಗೆ ಸರಿ. ಹಚ್ಚಿ ಹತ್ತರಿಂದ ಮೂವತ್ತು ನಿಮಿಷದಲ್ಲಿ ತೊಳೆಯಬೇಕು, ಸುತ್ತಲಿನ ಚರ್ಮಕ್ಕೆ ತಾಕಿದರೆ ಸುಡುತ್ತದೆ.

ನೆತ್ತಿಗೆ ಮುಲಾಮು ಹಚ್ಚುವುದು ವ್ಯರ್ಥ, ಅದು ಕೂದಲಿಗೆ ಮೆತ್ತಿಕೊಳ್ಳುತ್ತದೆ. ಲೋಷನ್, ಫೋಮ್ ಅಥವಾ ಶಾಂಪೂ ರೂಪ ಕೇಳಿ. ಕೂದಲನ್ನು ಸಾಲುಸಾಲಾಗಿ ಬೈತಲೆ ತೆಗೆದು ಚರ್ಮಕ್ಕೇ ತಾಗಿಸಬೇಕು. ಕ್ಲೋಬೆಟಾಸೋಲ್ ಶಾಂಪೂವನ್ನು ಒಣತಲೆಗೆ ಹಚ್ಚಿ ಹದಿನೈದು ನಿಮಿಷ ಬಿಟ್ಟು ತೊಳೆಯುವುದು ಕ್ರಮ. ಹೊಟ್ಟು ಗಟ್ಟಿಯಾಗಿದ್ದರೆ ಹಿಂದಿನ ರಾತ್ರಿ ಎಣ್ಣೆಯಲ್ಲೋ ಸ್ಯಾಲಿಸಿಲಿಕ್ ಲೋಷನ್ನಿನಲ್ಲೋ ನೆನೆಸಿಡಿ. ಬಾಚಣಿಗೆಯಿಂದ ಕಿತ್ತರೆ ಗಾಯವಾಗುತ್ತದೆ, ಗಾಯವಾದಲ್ಲಿ ಹೊಸ ಸೋರಿಯಾಸಿಸ್ ಮೂಡುತ್ತದೆ. ಮೈಯ ಇತರ ಕಡೆ ಕೆರೆತ, ಬಿಸಿಲಿನ ಸುಟ್ಟಗಾಯ, ಹಚ್ಚೆಗೂ ಇದೇ ಮಾತು.

ಬೆಳಕಿನ ಚಿಕಿತ್ಸೆ

ಮಚ್ಚೆಗಳು ತೆಳುವಾಗಿ ಮೈತುಂಬ ಹರಡಿವೆ, ಮುಲಾಮು ಹಚ್ಚಿ ಮುಗಿಯುವುದಿಲ್ಲ, ಕೀಲುನೋವಿಲ್ಲ, ದೇಹದೊಳಗೆ ಹೋಗುವ ಔಷಧ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. 311ರಿಂದ 313 ನ್ಯಾನೋಮೀಟರಿನ ಕಿರಿದಾದ ಪಟ್ಟಿಯ ಯುವಿ-ಬಿ ಎಂಬ ಅತಿನೇರಳೆ ಕಿರಣಗಳನ್ನು ವಾರಕ್ಕೆ ಎರಡು-ಮೂರು ಸಲ ಕೊಡುತ್ತಾರೆ. ಒಟ್ಟು ಇಪ್ಪತ್ತರಿಂದ ಮೂವತ್ತಾರು ಸಲ. ಮೊದಲ ಸಲ ಕೆಲವೇ ಸೆಕೆಂಡು ಇರಬಹುದು, ಚರ್ಮ ತಡೆದುಕೊಂಡಂತೆ ಪ್ರತಿ ಸಲ ಶೇ. 10ರಿಂದ 20 ಏರಿಸುತ್ತಾರೆ. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದು ಎಂಬುದು ಇದರ ದೊಡ್ಡ ಗುಣ.

ಇದಕ್ಕೆ ತೆರಬೇಕಾದದ್ದು ಸಮಯ. ಎರಡೂವರೆ-ಮೂರು ತಿಂಗಳು ವಾರಕ್ಕೆ ಮೂರು ಸಲ ಬಿಡುವು ಮಾಡಿಕೊಂಡು ಹೋಗಲಾಗದವರು ಶುರುಮಾಡದಿರುವುದೇ ಮೇಲು. ನಡುನಡುವೆ ತಪ್ಪಿಸಿದರೆ ಪ್ರಮಾಣ ಇಳಿಸಬೇಕಾಗುತ್ತದೆ, ಹಲವು ವಾರ ತಪ್ಪಿಸಿದರೆ ಮೊದಲಿನಿಂದ. ಚಿಕಿತ್ಸೆಯ ದಿನ ಬೇರೆ ಬಿಸಿಲು ಕಾಯಬೇಡಿ. ಕಣ್ಣಿಗೆ ಕನ್ನಡಕ, ಗಂಡಸರು ಗುಪ್ತಾಂಗಕ್ಕೆ ಹೊದಿಕೆ ಕಡ್ಡಾಯ. ಕಿರಣಕ್ಕೆ ಮುಂಚೆ ಸ್ಯಾಲಿಸಿಲಿಕ್ ಆಮ್ಲ ಅಥವಾ ದಪ್ಪ ಬಿಳಿ ಮುಲಾಮು ಹಚ್ಚಿದರೆ ಕಿರಣ ಒಳಗೇ ಹೋಗುವುದಿಲ್ಲ. ಕ್ಯಾಲ್ಸಿಪೋಟ್ರಿಯೋಲ್ ಅನ್ನು ಕಿರಣದ ನಂತರ ಹಚ್ಚಿ. ಮರುದಿನದೊಳಗೆ ಹೋಗುವ ತಿಳಿಗೆಂಪು ಸಹಜ, ನೋವು-ಬೊಕ್ಕೆ ಸಹಜವಲ್ಲ. ಹೊಸ ಮಾತ್ರೆ ಏನಾದರೂ ಶುರುವಾದರೆ ಹೇಳಿ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್‌ಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತವೆ. ಬಿಸಿಲಿಗೆ ಕೆರಳುವ ಲೂಪಸ್ ಎಂಬ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಬೇಡ.

ಸೋರಲೆನ್ ಮಾತ್ರೆ ನುಂಗಿ ಯುವಿ-ಎ ಪಡೆಯುವ ಪುವಾ ವಿಧಾನ ದಪ್ಪ ಮಚ್ಚೆಗೆ ಇನ್ನೂ ಜೋರು. ಆದರೆ ವಾಕರಿಕೆ, ದಿನವಿಡೀ ಕಪ್ಪು ಕನ್ನಡಕ, ಬಹಳ ಸಲ ಪಡೆದ ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರಿನ ಅಪಾಯ ಸೇರಿ ಅದು ಹಿಂದೆ ಸರಿದಿದೆ. ಕೆಲವೇ ಹಟಮಾರಿ ಮಚ್ಚೆಗಳಿದ್ದರೆ 308 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಅಷ್ಟಕ್ಕೇ ಗುರಿಯಿಡುತ್ತದೆ. ಕೂದಲಡಿಯ ನೆತ್ತಿ, ಮೈಸಂದು, ಉಗುರಿಗೆ ಸಾಮಾನ್ಯ ಬೆಳಕಿನಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಮಾತ್ರೆಗಳು: ನಾಲ್ಕರ ನಾಲ್ಕು ಸ್ವಭಾವ

ಮೆಥೊಟ್ರೆಕ್ಸೇಟ್ ಹಳೆಯದು, ಅಗ್ಗದ್ದು, ಚರ್ಮಕ್ಕೂ ಕೀಲಿಗೂ ಕೆಲಸ ಮಾಡುವಂಥದ್ದು. ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ವಾರದಲ್ಲಿ ಒಂದೇ ದಿನ. ಈ ‘ವಾರಕ್ಕೊಮ್ಮೆ’ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ತಪ್ಪಿ ದಿನವೂ ನುಂಗಿದರೆ ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ, ಪ್ರಾಣ ಹೋಗುತ್ತದೆ. ವಾರದ ಒಂದು ದಿನವನ್ನು ಗೊತ್ತುಮಾಡಿ, ಅದನ್ನು ಮಾತ್ರೆಯ ಪಟ್ಟಿಯ ಮೇಲೆ ಬರೆದಿಡಿ. 2.5 ಮತ್ತು 10 ಮಿಲಿಗ್ರಾಮಿನ ಮಾತ್ರೆಗಳೆರಡೂ ಒಟ್ಟಿಗೆ ಮನೆಯಲ್ಲಿರದಂತೆ ನೋಡಿಕೊಳ್ಳಿ. ಫೋಲಿಕ್ ಆಮ್ಲವನ್ನು ಬೇರೆ ದಿನ ತೆಗೆದುಕೊಂಡರೆ ವಾಕರಿಕೆ, ಬಾಯಿಹುಣ್ಣು ಕಡಿಮೆ. ಮೊದಲು ರಕ್ತಕಣ, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಬೇಕು. ಶುರುವಾದ ಮೇಲೆ ಮೊದಲ ತಿಂಗಳುಗಳಲ್ಲಿ ಪದೇಪದೇ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ, ಪೂರ್ತಿ ತೀರ್ಮಾನಕ್ಕೆ ಹದಿನಾರು ವಾರ ಕೊಡಿ. ಮದ್ಯ ಬಿಡಲಾಗದವರಿಗೆ ಇದು ಸಲ್ಲದು. ಮೂತ್ರಪಿಂಡ ಸೋತ ವಯಸ್ಸಾದವರಲ್ಲಿ ಕಡಿಮೆ ಪ್ರಮಾಣವೂ ಅಪಾಯ. ಕೋಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಆಂಟಿಬಯೋಟಿಕ್ ಇದರ ಜೊತೆ ಸೇರಿದರೆ ಮಾರಕವಾಗಬಹುದು. ಬೇರೆ ವೈದ್ಯರ ಬಳಿ ಹೋದಾಗಲೆಲ್ಲ ಮೆಥೊಟ್ರೆಕ್ಸೇಟ್ ಹೆಸರು ಹೇಳಿ. ಬಾಯಿಹುಣ್ಣು, ಜ್ವರ, ಮೈಮೇಲೆ ಕಾರಣವಿಲ್ಲದೆ ಮೂಡುವ ಕಪ್ಪು-ನೀಲಿ ಕಲೆ, ಒಣಕೆಮ್ಮು-ಏದುಸಿರು ಬಂದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸೈಕ್ಲೋಸ್ಪೋರಿನ್ ಬೆಂಕಿ ನಂದಿಸುವ ಔಷಧ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2.5ರಿಂದ 5 ಮಿಲಿಗ್ರಾಂ ಕೊಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡವನ್ನು ಸವೆಸುತ್ತದೆ. ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಮೊದಲಿಗಿಂತ ಕಾಲುಭಾಗ ಏರಿದರೆ ಪ್ರಮಾಣ ಇಳಿಸಬೇಕು. ಹಾಗಾಗಿ ಕೆಲವು ತಿಂಗಳಿಗೆ ಮಾತ್ರ, ಇನ್ನೊಂದು ಔಷಧ ಕೆಲಸ ಶುರುಮಾಡುವವರೆಗಿನ ಸೇತುವೆಯಾಗಿ ಬಳಸುವುದೇ ಜಾಣತನ.

ಅಸಿಟ್ರೆಟಿನ್ ರಕ್ಷಣಾಶಕ್ತಿಯನ್ನು ಕುಗ್ಗಿಸುವುದಿಲ್ಲ. ಸೋಂಕಿನ ಭಯವಿರುವವರಿಗೆ, ಕೀವುಗುಳ್ಳೆ ಏಳುವ ಬಗೆಯ ಸೋರಿಯಾಸಿಸ್‌ಗೆ, ಅಂಗೈ-ಅಂಗಾಲಿನ ದಪ್ಪ ಚರ್ಮಕ್ಕೆ ಇದು ಸರಿಹೊಂದುತ್ತದೆ. ತುಟಿ ಒಡೆಯುವುದು, ಕೂದಲು ಉದುರುವುದು, ಕೊಬ್ಬಿನಂಶ ಏರುವುದು ಇದರ ತೊಂದರೆಗಳು. ಮುಂದೆ ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಇದನ್ನು ಕೊಡಲೇಬಾರದು. ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸುವಂತಿಲ್ಲ, ಮೂರು ವರ್ಷ ರಕ್ತದಾನವೂ ಇಲ್ಲ.

ಅಪ್ರೆಮಿಲಾಸ್ಟ್ ಮೆದು ಸ್ವಭಾವದ್ದು. 10 ಮಿಲಿಗ್ರಾಮಿನಿಂದ ಆರಂಭಿಸಿ ಐದು ದಿನದಲ್ಲಿ ಏರಿಸುತ್ತ ಆರನೆಯ ದಿನದಿಂದ 30 ಮಿಲಿಗ್ರಾಂ ದಿನಕ್ಕೆರಡು ಸಲ. ಪದೇಪದೇ ರಕ್ತಪರೀಕ್ಷೆ ಬೇಕಿಲ್ಲ. ಮೊದಲೆರಡು ವಾರ ಭೇದಿ, ತಲೆನೋವು ಕಾಡಬಹುದು. ತೂಕ ಇಳಿಯಬಹುದು, ಖಿನ್ನತೆ ಇರುವವರಲ್ಲಿ ಅದು ಹೆಚ್ಚಬಹುದು. ಇದರ ಶಕ್ತಿ ಬಯಾಲಜಿಕ್‌ಗಳಷ್ಟಿಲ್ಲ. ಪರೀಕ್ಷೆಗಳಿಗೆ ಹೋಗಲಾಗದವರಿಗೆ, ಮಧ್ಯಮ ಕಾಯಿಲೆಗೆ ಒಪ್ಪುತ್ತದೆ.

ಇಲ್ಲಿ ಸೇರಿಸಬಾರದ ಒಂದು ಮಾತ್ರೆಯಿದೆ: ಪ್ರೆಡ್ನಿಸೊಲೋನ್‌ನಂಥ ನುಂಗುವ ಸ್ಟೆರಾಯ್ಡ್. ಮೂರು ದಿನಕ್ಕೆ ಮೈ ಹೊಳೆಯುವಂತೆ ಮಾಡುತ್ತದೆ. ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗುವ ಅಥವಾ ಕೀವುಗುಳ್ಳೆ ಏಳುವ ತೀವ್ರ ರೂಪಕ್ಕೆ ತಿರುಗಬಹುದು. ಅಂಶಗಳ ಹೆಸರಿಲ್ಲದ ಪುಡಿ, ಗುಳಿಗೆಗಳು ಅಷ್ಟೇ ಬೇಗ ಗುಣ ತೋರಿಸಿದರೆ ಸ್ಟೆರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಿ.

ಬಯಾಲಜಿಕ್ ಚುಚ್ಚುಮದ್ದುಗಳು

ಇವು ಉರಿಯೂತದ ಒಂದೊಂದು ಸಂಕೇತವನ್ನು ಮಾತ್ರ ತಡೆಯುತ್ತವೆ. ಯಕೃತ್ತು, ಮೂತ್ರಪಿಂಡಕ್ಕೆ ಮಾತ್ರೆಗಳಷ್ಟು ಹೊರೆಯಿಲ್ಲ. ಚರ್ಮ ಪೂರ್ತಿ ಅಥವಾ ಬಹುಪಾಲು ತಿಳಿಯಾಗುವ ಸಾಧ್ಯತೆ ಇಲ್ಲಿಯೇ ಅತಿ ಹೆಚ್ಚು. ಅಡ್ಡಿಗಳು ಎರಡು: ಬೆಲೆ ಹೆಚ್ಚು, ನಿಲ್ಲಿಸಿದರೆ ಕಾಯಿಲೆ ಮರಳುವುದು ಸಾಮಾನ್ಯ. ಬಯೋಸಿಮಿಲರ್ ಎಂಬ ಸಮಾನ ರೂಪಗಳು ಬಂದ ಮೇಲೆ ಅಡಾಲಿಮುಮಾಬ್‌ನಂಥವು ಹೆಚ್ಚು ಜನರ ಕೈಗೆಟುಕುತ್ತಿವೆ.

ಆಯ್ಕೆಯನ್ನು ಜೊತೆಗಿರುವ ಕಾಯಿಲೆಗಳೇ ಹೇಳಿಕೊಡುತ್ತವೆ. ಕೀಲುನೋವು ಮುಖ್ಯವಾಗಿದ್ದರೆ ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್, ಎಟನರ್ಸೆಪ್ಟ್, ಅಥವಾ ಇಂಟರ್‌ಲ್ಯೂಕಿನ್-17 ತಡೆಯುವ ಸೆಕುಕಿನುಮಾಬ್, ಇಕ್ಸೆಕಿಜುಮಾಬ್. ಕ್ರೋನ್ಸ್‌ನಂಥ ಕರುಳಿನ ಉರಿಯೂತ ಇದ್ದರೆ 17ರ ಗುಂಪು ಬೇಡ, ಅದನ್ನು ಕೆರಳಿಸಬಹುದು. ಈ ಗುಂಪಿನಲ್ಲಿ ಬಾಯಿ, ಗುಪ್ತಾಂಗದ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕೂ ಬರುತ್ತಿರುತ್ತದೆ. ತೀವ್ರ ಹೃದಯ ವೈಫಲ್ಯ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇದ್ದರೆ ಟಿಎನ್‌ಎಫ್ ಗುಂಪು ಬೇಡ. ಕ್ಷಯದ ಹಿನ್ನೆಲೆ ಇದ್ದರೆ 17ರ ಗುಂಪು ಅಥವಾ ಇಂಟರ್‌ಲ್ಯೂಕಿನ್-23 ತಡೆಯುವ ಗುಂಪು ಹೆಚ್ಚು ಕ್ಷೇಮ. ಗರ್ಭಾವಸ್ಥೆಯಲ್ಲಿ ಮುಂದುವರಿಸಲೇಬೇಕಾದರೆ ಸರ್ಟೋಲಿಜುಮಾಬ್, ಏಕೆಂದರೆ ಅದು ಮಾಸು ದಾಟಿ ಮಗುವಿಗೆ ಹೋಗುವುದು ಬಹಳ ಕಡಿಮೆ. ಬೇಗ ಫಲ ಬೇಕಾದರೆ 17ರ ಗುಂಪು. ಚುಚ್ಚುವುದು ಕಡಿಮೆಯಿರಲಿ ಎಂದರೆ 23ರ ಗುಂಪು: ಗುಸೆಲ್ಕುಮಾಬ್ ಆರಂಭದ ಎರಡು ಡೋಸುಗಳ ನಂತರ ಎಂಟು ವಾರಕ್ಕೊಮ್ಮೆ, ರಿಸಾಂಕಿಜುಮಾಬ್ ಹನ್ನೆರಡು ವಾರಕ್ಕೊಮ್ಮೆ. ಸೆಕುಕಿನುಮಾಬ್ ಆರಂಭದಲ್ಲಿ ವಾರವಾರ, ಆಮೇಲೆ ತಿಂಗಳಿಗೊಮ್ಮೆ 300 ಮಿಲಿಗ್ರಾಂ. ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ.

ಯಾವುದೇ ಆದರೂ ಮೊದಲು ಕ್ಷಯಕ್ಕೆ ಎದೆಯ ಎಕ್ಸ್‌ರೇ ಮತ್ತು ರಕ್ತ ಅಥವಾ ಚರ್ಮದ ಪರೀಕ್ಷೆ, ಹೆಪಟೈಟಿಸ್ ಬಿ-ಸಿ, ಎಚ್‌ಐವಿ ಪರೀಕ್ಷೆ ಆಗಬೇಕು. ಅಡಗಿದ ಕ್ಷಯ ಕಂಡರೆ ಅದರ ಔಷಧ ಶುರುಮಾಡಿ ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಬಯಾಲಜಿಕ್. ಜೀವಂತ ರೋಗಾಣುವಿನ ಲಸಿಕೆಗಳೇನಿದ್ದರೂ ಮೊದಲೇ ಮುಗಿಸಿ. ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಹೆಪ್ಪುಗಟ್ಟಿದರೆ ಎಸೆಯಬೇಕು, ಅಲುಗಾಡಿಸಬಾರದು. ಚುಚ್ಚುವ ಅರ್ಧ ಗಂಟೆ ಮೊದಲು ಹೊರತೆಗೆದಿಟ್ಟರೆ ನೋವು ಕಡಿಮೆ. ಜ್ವರವಿರುವ ಗಂಭೀರ ಸೋಂಕಿದ್ದಾಗ ಆ ಡೋಸನ್ನು ಮುಂದೂಡಿ ವೈದ್ಯರನ್ನು ಕೇಳಿ. ಹಣ ಹೊಂದಿಸಲಾಗದೆ ನಡುನಡುವೆ ಬಿಟ್ಟು ಮತ್ತೆ ಶುರುಮಾಡುವುದು ಒಳ್ಳೆಯದಲ್ಲ. ದೇಹ ಔಷಧದ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡು ಮರಳಿ ಕೊಟ್ಟಾಗ ಫಲ ಕುಂದಬಹುದು. ಒಂದು ವರ್ಷಕ್ಕೆ ಏನು ಬೇಕೋ ಅದನ್ನು ಮೊದಲೇ ಲೆಕ್ಕಹಾಕಿ.

ತೀರ್ಮಾನಕ್ಕೆ ಮುನ್ನ

ಮಗುವಿನ ಯೋಜನೆಯಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮೆಥೊಟ್ರೆಕ್ಸೇಟ್ ಗರ್ಭಿಣಿಯರಿಗೆ ನಿಷಿದ್ಧ. ಹೆಂಗಸರು ಗರ್ಭಕ್ಕೆ ಪ್ರಯತ್ನಿಸುವ ಕೆಲವು ತಿಂಗಳ ಮೊದಲೇ ನಿಲ್ಲಿಸಬೇಕು, ಗಂಡಸರೂ ವೈದ್ಯರನ್ನು ಕೇಳಬೇಕು. ಈ ಗುಂಪಿನವರಿಗೆ ತೇವದ ಮುಲಾಮು, ಮಿತವಾದ ಸ್ಟೆರಾಯ್ಡ್, ಯುವಿ-ಬಿ ಬೆಳಕು ಮೊದಲ ಸಾಲು.

ಬೇರೆ ಔಷಧಗಳ ಪಟ್ಟಿಯನ್ನೂ ನೋಡಬೇಕು. ಲಿಥಿಯಂ, ರಕ್ತದೊತ್ತಡದ ಕೆಲವು ಬೀಟಾ-ಬ್ಲಾಕರ್‌ಗಳು, ಮಲೇರಿಯಾದ ಕ್ಲೋರೋಕ್ವಿನ್ ಸೋರಿಯಾಸಿಸ್ ಕೆರಳಿಸಬಲ್ಲವು. ಆದರೆ ಅವನ್ನು ನೀವಾಗಿ ನಿಲ್ಲಿಸಬೇಡಿ. ದಪ್ಪ ದೇಹದವರು ತೂಕ ಇಳಿಸಿದರೆ ಮಚ್ಚೆಯೂ ಇಳಿಯುತ್ತದೆ, ಔಷಧವೂ ಚೆನ್ನಾಗಿ ಹಿಡಿಯುತ್ತದೆ. ಧೂಮಪಾನ ಅಂಗೈ-ಅಂಗಾಲಿನ ಕೀವುಗುಳ್ಳೆಗಳ ಹಳೆಯ ಜೊತೆಗಾರ. ತೀವ್ರ ಸೋರಿಯಾಸಿಸ್ ಇರುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಖಿನ್ನತೆ ಹೆಚ್ಚು. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸಿಕೊಳ್ಳಿ.

ಯಾವ ಚಿಕಿತ್ಸೆಯನ್ನು ಎಷ್ಟು ದಿನ ನೋಡಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ಸ್ಟೆರಾಯ್ಡ್ ಮುಲಾಮಿಗೆ ಎರಡರಿಂದ ನಾಲ್ಕು ವಾರ, ವಿಟಮಿನ್ ಡಿ ಬಗೆಗೆ ಎಂಟು ವಾರ, ಬೆಳಕಿಗೆ ಇಪ್ಪತ್ತು ಸಲ, ಮಾತ್ರೆಗೂ ಚುಚ್ಚುಮದ್ದಿಗೂ ಹನ್ನೆರಡರಿಂದ ಹದಿನಾರು ವಾರ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ, ಕಾಲುಗುರು ಇನ್ನೂ ನಿಧಾನವಾಗಿ ಬೆಳೆಯುವುದರಿಂದ ಕೈಯುಗುರಿಗೆ ಆರು ತಿಂಗಳು, ಕಾಲುಗುರಿಗೆ ವರ್ಷದ ಮೇಲೆ. ಈ ಅವಧಿ ಮುಗಿದೂ ಅರ್ಧದಷ್ಟೂ ಇಳಿಯದಿದ್ದರೆ ಬದಲಿಸಲು ಕೇಳುವ ಹಕ್ಕು ನಿಮಗಿದೆ.

ಒಂದು ಸ್ಥಿತಿಗೆ ಮಾತ್ರ ಈ ಯಾವ ಅವಧಿಯೂ ಅನ್ವಯಿಸುವುದಿಲ್ಲ. ಮೈಯೆಲ್ಲ ಕೆಂಪಾಗಿ ಸುಲಿಯತೊಡಗಿ ಚಳಿಯಿಂದ ನಡುಗಿದರೆ, ಅಥವಾ ಜ್ವರದ ಜೊತೆ ಮೈತುಂಬ ಕೀವುಗುಳ್ಳೆ ಎದ್ದರೆ, ದೇಹ ನೀರನ್ನೂ ಶಾಖವನ್ನೂ ಕಳೆದುಕೊಳ್ಳುತ್ತಿರುತ್ತದೆ, ಹೃದಯಕ್ಕೆ ಹೊರೆ ಬೀಳುತ್ತಿರುತ್ತದೆ. ಆಗ ಮುಲಾಮು ಹುಡುಕುತ್ತ ಕೂರದೆ ಅದೇ ಗಳಿಗೆಗೆ ಆಸ್ಪತ್ರೆಗೆ ಸೇರಬೇಕು. ತೆಗೆದುಕೊಳ್ಳುತ್ತಿದ್ದ, ಇತ್ತೀಚೆಗೆ ನಿಲ್ಲಿಸಿದ ಎಲ್ಲ ಔಷಧಗಳ ಚೀಟಿ, ಟ್ಯೂಬು, ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿ ಜೊತೆಗೊಯ್ಯಿರಿ.